ಆ ಐನೂರು ಅಡಿ ಯಾರದ್ದು?

2019ರ ಸೆಪ್ಟೆಂಬರ್ 7ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಟರ್ಕಿ ಎಂಬ ಪುಟ್ಟ ಊರಿನ ಬಳಿ ಏರ್ ಟ್ರ್ಯಾಕ್ಟರ್ ವಿಮಾನವೊಂದು ತೀರಾ ಕೆಳಗೆ ಹಾರಿ ಬಂದು 350 ಗ್ಯಾಲನ್, ಅಂದರೆ ಸುಮಾರು 1,300 ಲೀಟರ್ ಗುಲಾಬಿ ಬಣ್ಣದ ನೀರನ್ನು ಸುರಿಯಿತು. ಬೆಳೆಗೆ ಔಷಧಿ ಹೊಡೆಯಲು ಬಳಸುವ ವಿಮಾನ ಅದು. ಹುಟ್ಟಲಿರುವ ಮಗು ಹೆಣ್ಣೆಂದು ನೆಂಟರಿಷ್ಟರಿಗೆ ತಿಳಿಸುವ ಸಂಭ್ರಮಕ್ಕೆ ಅಂದು ಹಾರಿತ್ತು. ನೀರು ಸುರಿದ ಬೆನ್ನಿಗೇ ವೇಗ ಕುಸಿದು, ವಿಮಾನ ಸ್ಟಾಲ್ ಆಗಿ, ಅಂದರೆ ರೆಕ್ಕೆಗಳು ಎತ್ತುವ ಬಲ ಕಳೆದುಕೊಂಡು, ನೆಲಕ್ಕೆ ಬಿತ್ತು. ಒಬ್ಬರು ಮಾತ್ರ ಕೂರಬೇಕಾದ ಆ ವಿಮಾನದಲ್ಲಿ ಇಬ್ಬರಿದ್ದರು. ಪುಣ್ಯಕ್ಕೆ ಇಬ್ಬರೂ ಬದುಕಿದರು.

ನಾಲ್ಕು ವರ್ಷದ ನಂತರ, 2023ರ ಸೆಪ್ಟೆಂಬರ್ 2ರಂದು, ಮೆಕ್ಸಿಕೋದ ಸಿನಲೋವಾ ರಾಜ್ಯದಲ್ಲಿ ಇಂಥದ್ದೇ ಇನ್ನೊಂದು ಸಮಾರಂಭ ನಡೆಯಿತು. ಹಳೆಯ ಪೈಪರ್ ಪಾನಿ ವಿಮಾನ ದಂಪತಿಯ ತಲೆಯ ಮೇಲಿಂದ ಹಾದು, ಗುಲಾಬಿ ಬಣ್ಣ ಚೆಲ್ಲಿ, ಮೂತಿ ಎತ್ತಿ ಮೇಲೇರಿತು. ಆಗ ಎಡರೆಕ್ಕೆ ಮಡಚಿಕೊಂಡಿತು. ಪೈಲಟ್ ಉಳಿಯಲಿಲ್ಲ. ಅದರ ವಿಡಿಯೋದಲ್ಲಿ ಕಾಣುವ ಒಂದು ಸಂಗತಿ ಮನಸ್ಸಿನಿಂದ ಹೋಗುವುದಿಲ್ಲ. ರೆಕ್ಕೆ ಮುರಿದ ಮೇಲೂ ಕೆಲವು ಕ್ಷಣ ಜನ ಸಂಭ್ರಮದಲ್ಲೇ ಇರುತ್ತಾರೆ. ತಲೆಯ ಮೇಲೆ ಏನಾಗುತ್ತಿದೆ ಎಂಬುದು ಅವರಿಗೆ ಗೊತ್ತಾಗುವ ಹೊತ್ತಿಗೆ ಆಗುವುದೆಲ್ಲ ಆಗಿ ಮುಗಿದಿದೆ.

ಸಣ್ಣ ವಿಮಾನವನ್ನು ಜನರಿಗೆ ತೋರಿಸಲೆಂದೇ ಕೆಳಗೆ ಹಾರಿಸುವುದನ್ನು ಪೈಲಟ್‌ಗಳ ಬಳಗದಲ್ಲಿ ‘ಲೋ ಪಾಸ್’ ಎನ್ನುತ್ತಾರೆ. ಧೈರ್ಯ ಯಾರದು, ಕೈಚಳಕ ಎಷ್ಟು ಎಂಬ ಚರ್ಚೆಯಲ್ಲೇ ಈ ವಿಷಯ ಸಾಮಾನ್ಯವಾಗಿ ಮುಗಿದುಹೋಗುತ್ತದೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ನೆಲಕ್ಕೂ ವಿಮಾನಕ್ಕೂ ನಡುವೆ ಇರುವ ಆ ಎತ್ತರ ಕೆಳಗಿರುವವರ ರಕ್ಷಣೆಗೆ ಮೀಸಲಿಟ್ಟ ಸಮಯ. ಅದನ್ನು ಖರ್ಚು ಮಾಡುವ ಹಕ್ಕು ಪೈಲಟ್‌ಗೆ ಇಲ್ಲ. ಅವನ ಲೈಸೆನ್ಸ್ ಎಷ್ಟು ದೊಡ್ಡದಿದ್ದರೂ ಇಲ್ಲ.

ನಿಯಮ ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮ ಎಲ್ಲ ದೇಶಗಳಿಗೂ ಬುನಾದಿ. ನಮ್ಮ ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಕೂಡ ಅದನ್ನೇ ಅನುಸರಿಸುತ್ತದೆ. ಊರು, ಪಟ್ಟಣ, ಜನಸಂದಣಿಯ ಮೇಲೆ ಹಾರುವಾಗ 600 ಮೀಟರ್ ತ್ರಿಜ್ಯದೊಳಗಿರುವ ಅತಿ ಎತ್ತರದ ಕಟ್ಟಡ ಅಥವಾ ಕಂಬಕ್ಕಿಂತ ಕನಿಷ್ಠ 300 ಮೀಟರ್, ಅಂದರೆ 1,000 ಅಡಿ ಮೇಲಿರಬೇಕು. ಉಳಿದ ಕಡೆ ನೆಲದಿಂದ ಅಥವಾ ನೀರಿನಿಂದ ಕನಿಷ್ಠ 150 ಮೀಟರ್, 500 ಅಡಿ. ಅಮೆರಿಕದಲ್ಲಿ ಜನ ವಿರಳವಾಗಿರುವ ಬಯಲಲ್ಲಿ, ತೆರೆದ ನೀರಿನ ಮೇಲೆ ಇನ್ನೂ ಕೆಳಗೆ ಹೋಗಲು ಅವಕಾಶವಿದೆ. ಆದರೆ ಅಲ್ಲಿಯೂ ಯಾವುದೇ ಮನುಷ್ಯ, ವಾಹನ, ದೋಣಿ, ಕಟ್ಟಡಕ್ಕೆ 500 ಅಡಿಗಿಂತ ಹತ್ತಿರ ಹೋಗುವಂತಿಲ್ಲ. 500 ಅಡಿ ಎಷ್ಟೆಂದು ಕಣ್ಣಿಗೆ ಕಟ್ಟಬೇಕಾದರೆ ಮುರುಡೇಶ್ವರದ ರಾಜಗೋಪುರ ನೆನೆಸಿಕೊಳ್ಳಿ. ಅದರ ಸುಮಾರು ಎರಡರಷ್ಟು.

ಈ ಎರಡು ಅಂಕಿ ಎಲ್ಲ ಪೈಲಟ್‌ಗಳಿಗೂ ಬಾಯಿಪಾಠ. ಅದೇ ನಿಯಮದಲ್ಲಿರುವ ಮೂರನೆಯ ಮಾತನ್ನು ಮಾತ್ರ ಬಹಳ ಮಂದಿ ಮರೆಯುತ್ತಾರೆ. ಎಂಜಿನ್ ಕೈಕೊಟ್ಟರೆ ಕೆಳಗಿನ ಜನಕ್ಕೆ, ಆಸ್ತಿಗೆ ಅಪಾಯವಾಗದಂತೆ ಇಳಿಸಲು ಸಾಕಾಗುವಷ್ಟು ಎತ್ತರ ಯಾವಾಗಲೂ ಇರಬೇಕು. ನನ್ನ ಮಟ್ಟಿಗೆ ನಿಯಮದ ತಿರುಳೇ ಇದು. ಜಾತ್ರೆಯ ಮೇಲೆ 1,000 ಅಡಿಯಲ್ಲಿ ಹಾರುತ್ತಿದ್ದು, ಎಂಜಿನ್ ನಿಂತರೆ ಜಾತ್ರೆಯೊಳಕ್ಕೇ ಇಳಿಯಬೇಕಾದ ಸ್ಥಿತಿ ಇದ್ದರೆ, ಆ 1,000 ಅಡಿಯೂ ಸಾಲದು.

ಒಂದು ವಿನಾಯಿತಿ ಇದೆ: ಟೇಕಾಫ್ ಮತ್ತು ಲ್ಯಾಂಡಿಂಗ್. ಬೆಂಗಳೂರಿನ ಜಕ್ಕೂರು ಏರೋಡ್ರೋಮಿನ ಸುತ್ತ ಮನೆ ಮಾಡಿದವರು ದಿನವೂ ತಾರಸಿಯ ಮೇಲಿಂದ ತರಬೇತಿ ವಿಮಾನಗಳನ್ನು ಕಾಣುತ್ತಾರೆ. ಮೂರು ಡಿಗ್ರಿ ಇಳಿಜಾರಿನಲ್ಲಿ ಬರುವ ವಿಮಾನ ನೆಲ ಮುಟ್ಟುವ ಜಾಗಕ್ಕೆ ಒಂದು ಕಿಲೋಮೀಟರ್ ದೂರದಲ್ಲಿ ಸುಮಾರು 170 ಅಡಿ ಎತ್ತರದಲ್ಲಿರುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಇಳಿಯುವ ನೆಪ ಹೇಳಿ ಮನೆಗಳ ಮೇಲೆ ಸುಳಿಯುವುದು ಈ ವಿನಾಯಿತಿಯೊಳಗೆ ಬರುವುದಿಲ್ಲ. ಅಮೆರಿಕದ ನೆವಾಡಾದಲ್ಲಿ 2019ರಲ್ಲಿ ಯೂಟ್ಯೂಬ್‌ನಲ್ಲಿ ಹೆಸರಾದ ಪೈಲಟ್ ಒಬ್ಬರು ಸ್ನೇಹಿತರ ಹಿತ್ತಲಿನಲ್ಲಿ ಇಳಿಯಬಹುದೇ ಎಂದು ಜಾಗ ನೋಡಲು ಕೆಳಗೆ ಹಾರಿದ್ದಾಗಿ ವಾದಿಸಿದರು. ಇಳಿಯಲು ಯೋಗ್ಯವೇ ಅಲ್ಲದ ಜಾಗಕ್ಕೆ ಆ ವಿನಾಯಿತಿ ಸಿಗುವುದಿಲ್ಲ ಎಂಬ ತೀರ್ಮಾನವಾಗಿ ಲೈಸೆನ್ಸ್ ಅಮಾನತಾಯಿತು. ಪೈಲಟ್‌ಗಳ ಬಳಗದಲ್ಲಿ ಇದಕ್ಕೆ ತುಂಬ ಆಕ್ಷೇಪ ಬಂತು. ನನಗೆ ಆ ತೀರ್ಮಾನ ಸರಿಯೆಂದೇ ಕಾಣುತ್ತದೆ.

ಈಗ ಲೋ ಪಾಸ್ ಎಲ್ಲಿ ಕೆಡುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಕೆಡುವುದು ಬಹುಪಾಲು ಕೆಳಗೆ ಹಾದುಹೋಗುವಾಗ ಅಲ್ಲ, ಹಾದು ಮೇಲೇರಿದ ನಂತರ.

ಸೆಸ್ನಾ 172 ತೆಗೆದುಕೊಳ್ಳಿ. ನಮ್ಮ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಲ್ಲೆಲ್ಲೂ ಕಾಣುವ ನಾಲ್ಕು ಸೀಟಿನ ವಿಮಾನ. ರೆಕ್ಕೆಯ ಹಿಂಬದಿಯ ಫ್ಲಾಪ್ ಪಟ್ಟಿಗಳನ್ನು ಇಳಿಸದೆ ನೇರ ಹಾರುವಾಗ ಅದು ಸ್ಟಾಲ್ ಆಗುವ ವೇಗ ಹೆಚ್ಚುಕಡಿಮೆ 50 ನಾಟ್, ಅಂದರೆ ಗಂಟೆಗೆ ಸುಮಾರು 93 ಕಿಲೋಮೀಟರ್. ಸ್ಟಾಲ್ ಎಂದರೆ ಎಂಜಿನ್ ನಿಲ್ಲುವುದಲ್ಲ. ರೆಕ್ಕೆ ಗಾಳಿಯನ್ನು ಎದುರಿಸುವ ಕೋನ ಹದಿನೈದು ಹದಿನಾರು ಡಿಗ್ರಿ ದಾಟಿದಾಗ ರೆಕ್ಕೆಯ ಮೇಲಿನ ಗಾಳಿ ಕಿತ್ತುಹೋಗಿ, ಎತ್ತುವ ಬಲ ಒಮ್ಮೆಗೇ ಕುಸಿಯುತ್ತದೆ. ಪೈಲಟ್ 110 ನಾಟ್ ವೇಗದಲ್ಲಿ, 50 ಅಡಿ ಎತ್ತರದಲ್ಲಿ ಗೆಳೆಯರ ತೋಟದ ಮೇಲೆ ಹಾಯುತ್ತಾನೆ ಎನ್ನೋಣ. ಮನೆ ದಾಟಿದ ಕೂಡಲೇ ಮೂತಿ ಜೋರಾಗಿ ಎತ್ತುತ್ತಾನೆ. ವೇಗವೆಲ್ಲ ಎತ್ತರವಾಗುತ್ತದೆ. ಸುಮಾರು 400 ಅಡಿ ತಲುಪುವಾಗ ವೇಗ 60 ನಾಟ್‌ಗೆ ಇಳಿದಿರುತ್ತದೆ. ನೇರವಾಗಿ ಹಾರುತ್ತಿದ್ದರೆ ಅಷ್ಟಕ್ಕೆ ತೊಂದರೆಯಿಲ್ಲ. ಇನ್ನೂ 10 ನಾಟ್ ಕೈಯಲ್ಲಿದೆ.

ಆದರೆ ಅವನು ನೇರ ಹೋಗುವುದಿಲ್ಲ. ಕೆಳಗಿನವರು ಕೈಬೀಸಿದರೋ ಇಲ್ಲವೋ ನೋಡಬೇಕು, ಇನ್ನೊಂದು ಸುತ್ತು ಬರಬೇಕು. ತಲೆ ಹಿಂದಕ್ಕೆ ತಿರುಗಿಸಿ ವಿಮಾನವನ್ನು ವಾಲಿಸುತ್ತಾನೆ. ಎತ್ತರ ಕಾಯ್ದುಕೊಂಡು 45 ಡಿಗ್ರಿ ವಾಲಿದಾಗ ರೆಕ್ಕೆಯ ಮೇಲಿನ ಭಾರ 1.4 ಪಟ್ಟಾಗಿ ಸ್ಟಾಲ್ ವೇಗ 50ರಿಂದ 60ಕ್ಕೆ ಏರುತ್ತದೆ. 60 ಡಿಗ್ರಿ ವಾಲಿದರೆ ಭಾರ ಎರಡರಷ್ಟು, ಸ್ಟಾಲ್ ವೇಗ 71. ಅಂದರೆ ಯಾವ ವೇಗದಲ್ಲಿ ಅವನು ಒಂದು ಕ್ಷಣದ ಹಿಂದೆ ಕ್ಷೇಮವಾಗಿದ್ದನೋ ಅದೇ ವೇಗದಲ್ಲಿ ಈಗ ರೆಕ್ಕೆ ಸೋಲುತ್ತದೆ. ತಿರುವು ಸಾಲದೆನಿಸಿ ಮೂತಿಯನ್ನು ಎಡಬಲ ತಿರುಗಿಸುವ ರಡ್ಡರನ್ನು ಒಳಬದಿಗೆ ಒತ್ತಿದ್ದರೆ ಒಂದು ರೆಕ್ಕೆ ಮೊದಲು ಸೋತು ವಿಮಾನ ಮಗುಚಿ, ಗಿರಗಿರ ಸುತ್ತುತ್ತಾ ಬೀಳುವ ಸ್ಪಿನ್‌ಗೆ ಸಿಲುಕುತ್ತದೆ. ಈ ವಿಮಾನ ಒಂದು ಸುತ್ತು ಸ್ಪಿನ್ ಆಗಿ ಸರಿಯಾಗಲು ಸುಮಾರು 1,000 ಅಡಿ ಬೇಕು. ಅವನ ಬಳಿ ಇರುವುದು 400. ಜಗತ್ತಿನ ಅತ್ಯುತ್ತಮ ಪೈಲಟ್ ಆ ಸೀಟಿನಲ್ಲಿದ್ದರೂ ಉಳಿದ 600 ಅಡಿ ಎಲ್ಲಿಂದ ತರುತ್ತಾನೆ?

ಇದಕ್ಕೆ ಗಾಳಿಯೂ ಸೇರಿಕೊಳ್ಳುತ್ತದೆ. 20 ನಾಟ್ ಗಾಳಿ ಬೀಸುತ್ತಿದೆ, ವಿಮಾನ ಗಾಳಿಯಲ್ಲಿ 80 ನಾಟ್ ವೇಗದಲ್ಲಿದೆ ಎನ್ನಿ. ಗಾಳಿಗೆ ಎದುರಾಗಿ ಹೋಗುವಾಗ ನೆಲ 60 ನಾಟ್‌ನಲ್ಲಿ ಸರಿಯುತ್ತದೆ, ಬೆನ್ನಗಾಳಿಗೆ ತಿರುಗಿದರೆ 100ರಲ್ಲಿ. 3,000 ಅಡಿಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ನಾಟುವುದೇ ಇಲ್ಲ. 100 ಅಡಿಯಲ್ಲಿ ಮರಗಳು ಓಡುವುದನ್ನು ನೋಡಿದ ಕಣ್ಣು ‘ವೇಗ ಜಾಸ್ತಿಯಾಯಿತು’ ಎಂದು ಹೇಳುತ್ತದೆ, ಕೈ ತಾನಾಗಿ ಥ್ರಾಟಲ್ ಎಳೆದು ಎಂಜಿನ್ ಶಕ್ತಿ ತಗ್ಗಿಸುತ್ತದೆ. ತಿರುವಿನಲ್ಲಿ ಗಾಳಿ ಪಕ್ಕಕ್ಕೆ ತಳ್ಳುವಾಗ ವಿಮಾನ ಜಾರುತ್ತಿದೆ ಎಂಬ ಭ್ರಮೆಯಾಗಿ ಕಾಲು ಬೇಡದ ರಡ್ಡರ್ ಒತ್ತುತ್ತದೆ. ಏರ್‌ಸ್ಪೀಡ್ ಮೀಟರ್ ಮತ್ತು ವಿಮಾನ ಪಕ್ಕಕ್ಕೆ ಜಾರುತ್ತಿದೆಯೇ ಎಂದು ತೋರಿಸುವ ‘ಬಾಲ್’ ನಿಜ ಹೇಳುತ್ತಿರುತ್ತವೆ. ಆದರೆ ಅವನ ಕಣ್ಣು ಕಿಟಕಿಯಾಚೆ ಇದೆ.

‘ವೇಗವಿದ್ದರೆ ಎತ್ತರ ಇದ್ದ ಹಾಗೆಯೇ’ ಎಂದು ವಾದಿಸುವ ಪೈಲಟ್‌ಗಳಿದ್ದಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. 110 ನಾಟ್‌ನಲ್ಲಿ ಎಂಜಿನ್ ನಿಂತರೆ ಮೂತಿ ಎತ್ತಿ ಸುಮಾರು 300 ಅಡಿ ಗಳಿಸಬಹುದು ಎಂಬುದು ಲೆಕ್ಕಕ್ಕೆ ಸರಿಯೇ. ಆದರೆ ಅದು ಎದುರಿಗೆ ಖಾಲಿ ಜಾಗವಿದ್ದು, ಹಾಯುವ ಕ್ಷಣದಲ್ಲೇ ಎಂಜಿನ್ ನಿಂತಾಗಿನ ಲೆಕ್ಕ. ಪ್ರದರ್ಶನಕ್ಕಾಗಿ ಮೂತಿ ಎತ್ತಿದ ನಾಲ್ಕನೆಯ ಸೆಕೆಂಡಿನಲ್ಲಿ ವೇಗವೂ ಹೋಗಿರುತ್ತದೆ, ಎತ್ತರವೂ ಸಾಲದಾಗಿರುತ್ತದೆ. ಆ ಕ್ಷಣದಲ್ಲಿ ಕೆಳಗೆ ಯಾರಿರುತ್ತಾರೆ? ಬೇರೆ ಯಾರೂ ಅಲ್ಲ, ಪ್ರದರ್ಶನ ನೋಡಲು ಸೇರಿದವರೇ.

ಇನ್ನು ತಂತಿಗಳು. ಹೈಟೆನ್ಷನ್ ಲೈನಿನ ತಂತಿ ದೂರದಿಂದ ಕಾಣುತ್ತದೆ ಎಂದುಕೊಂಡವರು 400 ಕೆವಿ ಟವರ್ ಒಂದನ್ನು ಸರಿಯಾಗಿ ನೋಡಬೇಕು. ಕರೆಂಟ್ ಹರಿಯುವ ‘ಮೂಸ್’ ಕಂಡಕ್ಟರ್ ಸುಮಾರು 32 ಮಿಲಿಮೀಟರ್ ದಪ್ಪ. ಅದಕ್ಕೂ ಮೇಲೆ, ಟವರಿನ ನೆತ್ತಿಯಲ್ಲಿ, ಸಿಡಿಲು ತಡೆಯಲು ಎಳೆದ ಅರ್ತ್ ವೈರ್ ಇರುತ್ತದೆ. ಏಳು ಉಕ್ಕಿನ ಎಳೆಗಳ ಹುರಿ, ದಪ್ಪ ಬರೀ 11 ಮಿಲಿಮೀಟರ್. ಕೆಳಗೆ ಹಾರುವವನಿಗೆ ಮೊದಲು ಕಾಣುವುದು ದಪ್ಪ ಕಂಡಕ್ಟರ್. ಅದನ್ನು ತಪ್ಪಿಸಲು ಮೂತಿ ಎತ್ತಿದರೆ ಸಿಕ್ಕಿಕೊಳ್ಳುವುದು ಮೇಲಿನ ಕಾಣದ ತಂತಿಗೆ. ಹಿನ್ನೆಲೆಯಲ್ಲಿ ಆಕಾಶ ಇಲ್ಲದೆ ಗುಡ್ಡವೋ ತೋಟವೋ ಇದ್ದರೆ ಎರಡೂ ಕಾಣುವುದಿಲ್ಲ. ಗದ್ದೆಯ ಮೇಲೆ ಔಷಧಿ ಹೊಡೆಯುವ ವೃತ್ತಿಪರ ಪೈಲಟ್‌ಗಳು ಇದಕ್ಕೆಂದೇ ಕ್ರಮ ಇಟ್ಟುಕೊಂಡಿದ್ದಾರೆ. ಕೆಲಸಕ್ಕಿಳಿಯುವ ಮುನ್ನ ಮೇಲಿನಿಂದ ಹೊಲದ ಸುತ್ತ ಹಾರಿ ಕಂಬಗಳನ್ನು ಎಣಿಸುತ್ತಾರೆ, ತಂತಿಯನ್ನು ಹುಡುಕದೆ ಕಂಬ, ಇನ್ಸುಲೇಟರ್, ಕಂಬಕ್ಕೆ ಆಧಾರವಾಗಿ ಓರೆಯಾಗಿ ಬಿಗಿದ ಗೈ ವೈರ್ ಹುಡುಕುತ್ತಾರೆ, ಲೈನನ್ನು ದಾಟಬೇಕಾದರೆ ಕಂಬದ ನೆತ್ತಿಯ ಮೇಲೆಯೇ ದಾಟುತ್ತಾರೆ. ಕಂಬ ಕಾಣುತ್ತದೆ, ಅದಕ್ಕಿಂತ ಮೇಲೆ ತಂತಿ ಇರುವುದಿಲ್ಲ. ಇಷ್ಟೆಲ್ಲ ಮಾಡಿಯೂ ಆ ವೃತ್ತಿಯಲ್ಲಿ ತಂತಿಗೆ ಸಿಕ್ಕಿ ಸಾಯುವವರಿದ್ದಾರೆ. ಭಾನುವಾರ ಸಂಜೆ ಗೆಳೆಯನ ಮನೆ ಹುಡುಕಿಕೊಂಡು ಬಂದವನು ಇದರಲ್ಲಿ ಒಂದನ್ನೂ ಮಾಡಿರುವುದಿಲ್ಲ.

ತಂತಿಗೆ ಬಲಿಯಾಗುವುದು ವಿಮಾನದಲ್ಲಿದ್ದವರೇ ಆಗಬೇಕೆಂದಿಲ್ಲ. 1998ರ ಫೆಬ್ರುವರಿ 3ರಂದು ಇಟಲಿಯ ಕವಲೇಸೆಯಲ್ಲಿ ಅಮೆರಿಕದ ಪ್ರೌಲರ್ ಯುದ್ಧವಿಮಾನ ನೆಲದಿಂದ ಸುಮಾರು 110 ಮೀಟರ್ ಎತ್ತರದಲ್ಲಿ ಹಾರಿ ಕೇಬಲ್ ಕಾರಿನ ಉಕ್ಕಿನ ಹಗ್ಗವನ್ನು ಕತ್ತರಿಸಿತು. ಕೇಬಲ್ ಕಾರಿನಲ್ಲಿದ್ದ 20 ಮಂದಿಯೂ ಸತ್ತರು. ವಿಮಾನ ಮಾತ್ರ ಸುರಕ್ಷಿತವಾಗಿ ನೆಲೆಗೆ ಮರಳಿತು.

ಎಂಜಿನ್ ನಿಂತ ವಿಮಾನ ಸದ್ದು ಮಾಡುವುದಿಲ್ಲ ಎಂಬುದನ್ನು ನೆಲದಲ್ಲಿರುವ ನಾವು ಯೋಚಿಸಿಯೇ ಇರುವುದಿಲ್ಲ. 2010ರ ಮಾರ್ಚ್‌ನಲ್ಲಿ ಅಮೆರಿಕದ ಹಿಲ್ಟನ್ ಹೆಡ್ ಕಡಲತೀರದಲ್ಲಿ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಓಡುತ್ತಿದ್ದ ವ್ಯಕ್ತಿಗೆ ಹಿಂದಿನಿಂದ ವಿಮಾನ ಬಡಿಯಿತು. ಪ್ರೊಪೆಲ್ಲರ್ ಕಳಚಿ ಬಿದ್ದಿತ್ತು, ಗಾಜಿಗೆಲ್ಲ ಆಯಿಲ್ ಸಿಡಿದು ಪೈಲಟ್‌ಗೆ ಮುಂದಿನದು ಕಾಣುತ್ತಿರಲಿಲ್ಲ. 2017ರ ಆಗಸ್ಟ್ 2ರಂದು ಪೋರ್ಚುಗಲ್‌ನ ಕೋಸ್ಟಾ ದ ಕಪಾರಿಕಾ ಬಳಿಯ ಬೀಚಿನಲ್ಲಿ ಸೆಸ್ನಾ 152 ತುರ್ತಾಗಿ ಇಳಿದು ಒಬ್ಬ ಗಂಡಸು ಮತ್ತು ಎಂಟು ವರ್ಷದ ಬಾಲಕಿ ತೀರಿಕೊಂಡರು. ವಿಮಾನದಲ್ಲಿದ್ದವರಿಗೆ ಏನೂ ಆಗಲಿಲ್ಲ. ಇವು ಹುಚ್ಚಾಟದ ಪ್ರಕರಣಗಳಲ್ಲ. ಎಂಜಿನ್ ಎಂಬುದು ನಿಲ್ಲುವ ವಸ್ತು, ನಿಂತಾಗ ಬರಿದಾದ ಮರಳು ಕಾಣುವ ಕಡೆಗೇ ಪೈಲಟ್ ಇಳಿಯುತ್ತಾನೆ, ಆ ಮರಳಿನ ಮೇಲೆ ಜನ ಇರುತ್ತಾರೆ. ಅದಕ್ಕಾಗಿಯೇ ಇವನ್ನು ಹೇಳುತ್ತಿದ್ದೇನೆ.

ಎತ್ತರ ಏನು ಕೊಡುತ್ತದೆ ಎಂಬ ಲೆಕ್ಕ ಸರಳ. ಸೆಸ್ನಾ 172 ಎಂಜಿನ್ ಇಲ್ಲದೆ ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದೆ ಸಾಗುತ್ತದೆ. 500 ಅಡಿಯಿಂದಾದರೆ 1.3 ಕಿಲೋಮೀಟರ್ ದಾಟುತ್ತದೆ, 40 ಸೆಕೆಂಡ್ ಸಿಗುತ್ತದೆ. ಆಘಾತದಲ್ಲಿ ನಾಲ್ಕೈದು ಸೆಕೆಂಡ್ ಹೋದರೂ ಜಾಗ ಆರಿಸಲು, ಇಂಧನ ಬಂದ್ ಮಾಡಲು, ಬೆಲ್ಟ್ ಬಿಗಿಯಲು ವೇಳೆ ಉಳಿಯುತ್ತದೆ. ಲೋ ಪಾಸ್‌ಗೆಂದು ವೇಗ ಕಡಿಮೆ ಮಾಡಿ 100 ಅಡಿಯಲ್ಲಿ ಬಂದವನಿಗೆ 270 ಮೀಟರ್, ಎಂಟು ಸೆಕೆಂಡ್. ನೇರ ಎದುರಿಗೆ ಏನಿದೆಯೋ ಅದರೊಳಕ್ಕೆ ಹೋಗುವುದೊಂದೇ ಅವನಿಗೆ ಉಳಿದ ದಾರಿ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಸಮೀಪ, ಹೊನ್ನಿಹಾಳದ ಹತ್ತಿರದ ಹೊಲದಲ್ಲಿ ತರಬೇತಿ ವಿಮಾನವೊಂದು ತುರ್ತಾಗಿ ಇಳಿಯಿತು. ಒಳಗಿದ್ದ ಇಬ್ಬರಿಗೆ ಸಣ್ಣಪುಟ್ಟ ಗಾಯ, ಹೊಲದಲ್ಲಿ ಯಾರಿಗೂ ಏನೂ ಆಗಲಿಲ್ಲ. ಊರೊಳಗೆ ಬೀಳದೆ ಹೊಲಕ್ಕೆ ತಲುಪುವುದು ಇಂಥ ಸೆಕೆಂಡುಗಳಿಂದ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಮಾಡುತ್ತಾರೆ? ನೋಡುವವರಿರುತ್ತಾರೆ, ಅದಕ್ಕೇ ಮಾಡುತ್ತಾರೆ. ಬೇಸ್‌ಬಾಲ್ ತಾರೆ ರಾಯ್ ಹ್ಯಾಲಡೇ 2017ರ ನವೆಂಬರ್ 7ರಂದು ಫ್ಲಾರಿಡಾದ ಕಡಲಂಚಿನಲ್ಲಿ ತಮ್ಮ ಹೊಸ ಐಕಾನ್ ಎ5 ವಿಮಾನದಲ್ಲಿ ಸತ್ತರು. ನೀರಿನಿಂದ 11 ಅಡಿ ಎತ್ತರದಲ್ಲೂ ಹಾರಿದ್ದರು, ಮನೆಗಳಿಗೆ 75 ಅಡಿಯಷ್ಟು ಹತ್ತಿರ ಹೋಗಿದ್ದರು. ಮಾದಕ ಪರಿಣಾಮದ ಔಷಧಗಳ ಪ್ರಭಾವದಲ್ಲಿ ಕೆಳಮಟ್ಟದ ಕಸರತ್ತಿಗೆ ಇಳಿದದ್ದೇ ಕಾರಣವೆಂದು ತನಿಖೆ ಹೇಳಿತು. ಅದರ ಹಿಂದಿನ ತಿಂಗಳು, ಅಕ್ಟೋಬರಿನಲ್ಲಿ, ವಿಮಾನ ತಯಾರಿಸಿದ ಕಂಪನಿ ಕೆಳಮಟ್ಟದ ಹಾರಾಟಕ್ಕೆ ಮಾರ್ಗಸೂಚಿಯನ್ನೂ ಹೊರಡಿಸಿತ್ತು.

ನಮ್ಮ ದೇಶದಲ್ಲಿ ಎಲ್ಲರೂ ಬಲ್ಲ ಪ್ರಕರಣವೆಂದರೆ 1980ರ ಜೂನ್ 23ರದ್ದು. ದಿಲ್ಲಿಯ ಸಫ್ದರ್‌ಜಂಗ್‌ನಿಂದ ಹೊರಟ ಪಿಟ್ಸ್ ಎಸ್-2ಎ ವಿಮಾನದಲ್ಲಿ ಸಂಜಯ್ ಗಾಂಧಿ ನಗರದ ಮೇಲೆಯೇ ಕಸರತ್ತು ಮಾಡುತ್ತಾ ಕೆಳಗಿಳಿದು, ವಿಮಾನವನ್ನು ಎತ್ತಲಾಗದೆ ಸತ್ತರು. ಜೊತೆಯಲ್ಲಿದ್ದ ಕ್ಯಾಪ್ಟನ್ ಸುಭಾಷ್ ಸಕ್ಸೇನಾ ಕೂಡ ಸತ್ತರು. ಬಿದ್ದದ್ದು ಮರಗಳ ನಡುವೆ. ಬೆಳಗಿನ ಹೊತ್ತು, ಸುತ್ತ ಜನವಸತಿ; ನೆಲದಲ್ಲಿ ಯಾರೂ ಸಾಯದೆ ಉಳಿದದ್ದು ಯಾರ ಮುಂಜಾಗ್ರತೆಯಿಂದಲೂ ಅಲ್ಲ. ಈ ಘಟನೆಯ ರಾಜಕೀಯ ಪರಿಣಾಮದ ಬಗ್ಗೆ ನಾವು ನಾಲ್ಕು ದಶಕ ಮಾತಾಡಿದ್ದೇವೆ. ರಾಜಧಾನಿಯ ಮನೆಗಳ ಮೇಲೆ ಅಂಥ ಹಾರಾಟವನ್ನು ಯಾರೂ ತಡೆಯಲಿಲ್ಲವೇಕೆ ಎಂಬುದರ ಬಗ್ಗೆ ಮಾತು ಕಡಿಮೆ.

ತಡೆಯದಿರುವ ಕತೆ ಎಲ್ಲ ಕಡೆಯೂ ಒಂದೇ. 1994ರ ಜೂನ್ 24ರಂದು ಅಮೆರಿಕದ ಫೇರ್‌ಚೈಲ್ಡ್ ವಾಯುನೆಲೆಯಲ್ಲಿ ಪ್ರದರ್ಶನದ ತಾಲೀಮಿನ ವೇಳೆ ಬಿ-52 ಬಾಂಬರ್ ಕೆಳಮಟ್ಟದಲ್ಲಿ ವಿಪರೀತ ವಾಲಿ ಬಿದ್ದು ನಾಲ್ವರು ಸತ್ತರು. ಸಣ್ಣ ವಿಮಾನವಲ್ಲ, ಆದರೂ ಇದನ್ನು ಬಿಡಲಾಗದು. ಆ ಪೈಲಟ್ ಮೂರು ವರ್ಷದಿಂದ ಎಲ್ಲರೆದುರೇ ಮಿತಿ ಮೀರುತ್ತಿದ್ದ, ದೂರುಗಳು ಹೋಗಿದ್ದವು, ಮೇಲಧಿಕಾರಿಗಳು ಬಾಯಿಮಾತಿನಲ್ಲಿ ಗದರಿ ಬಿಟ್ಟಿದ್ದರು. ತನ್ನ ಸ್ಕ್ವಾಡ್ರನ್ನಿನ ಹುಡುಗರನ್ನು ಅವನೊಂದಿಗೆ ಕಳಿಸಲು ಒಪ್ಪದ ಅಧಿಕಾರಿ, ತಾನೇ ಪಕ್ಕದ ಸೀಟಿನಲ್ಲಿ ಕೂತು ಸತ್ತ. ಫ್ಲೈಯಿಂಗ್ ಕ್ಲಬ್ಬಿನ ಹ್ಯಾಂಗರಿನಲ್ಲಿ ‘ಅವನು ಹಾಗೇ ಬಿಡು, ಆದರೆ ಹಾರಿಸೋದರಲ್ಲಿ ಎತ್ತಿದ ಕೈ’ ಎಂಬ ಮಾತು ಕಿವಿಗೆ ಬಿದ್ದರೆ, ಚೀಫ್ ಇನ್‌ಸ್ಟ್ರಕ್ಟರ್ ಆದವರು ಅವತ್ತೇ ಆ ಮನುಷ್ಯನನ್ನು ಕೂರಿಸಿಕೊಂಡು ಮಾತಾಡಬೇಕು, ಅದನ್ನು ಬರಹದಲ್ಲಿ ಇಡಬೇಕು, ಎರಡನೆಯ ಸಲಕ್ಕೆ ವಿಮಾನದ ಕೀಲಿ ಕೊಡಬಾರದು.

ಏರ್‌ಶೋಗಳಲ್ಲಿ ಇದಕ್ಕಿಂತ ಕೆಳಗೆ ಹಾರುತ್ತಾರಲ್ಲ ಎಂದು ಕೇಳಬಹುದು. ಹಾರುತ್ತಾರೆ. ಅಮೆರಿಕದ ಪದ್ಧತಿಯಲ್ಲಿ ಕಸರತ್ತಿನ ಪೈಲಟ್‌ಗೆ ಮೊದಲು ಸಿಗುವುದು 800 ಅಡಿಯ ಪರವಾನಗಿ. ಪರಿಣತರ ಮುಂದೆ ಹಾರಿ ತೋರಿಸಿದ ಮೇಲೆ 500, ಆಮೇಲೆ 250, ಕೊನೆಗೆ ನೆಲದವರೆಗೆ. ಜನ ನಿಲ್ಲುವ ಗೆರೆಯಿಂದ ವಿಮಾನದ ವೇಗಕ್ಕೆ ತಕ್ಕಂತೆ 500, 1,000 ಅಥವಾ 1,500 ಅಡಿ ದೂರ ಕಾಯಬೇಕು, ಮೂತಿಯನ್ನು ಜನರತ್ತ ತಿರುಗಿಸುವ ಕಸರತ್ತು ಕೂಡದು. ಈ ನಿಯಮಗಳಿಗೆ ರಕ್ತದ ಬೆಲೆ ತೆತ್ತಿದ್ದಾರೆ. 1951ರ ಸೆಪ್ಟೆಂಬರಿನಲ್ಲಿ ಕೊಲರಾಡೊದ ಫ್ಲ್ಯಾಗ್ಲರ್ ಎಂಬ ಊರಿನಲ್ಲಿ ಸಣ್ಣ ವಿಮಾನವೊಂದು ಕೆಳಮಟ್ಟದ ಕಸರತ್ತಿನಲ್ಲಿ ಜನರ ಮೇಲೆ ಬಿದ್ದು 20 ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಯಲಹಂಕದ ಏರೋ ಇಂಡಿಯಾದಲ್ಲಿ ನೋಡುಗರನ್ನು ರನ್‌ವೇಯ ಒಂದೇ ಪಕ್ಕದಲ್ಲಿ ಕೂರಿಸುವುದರ ಹಿಂದೆಯೂ ಇದೇ ವಿಚಾರವಿದೆ. 2015ರ ಆಗಸ್ಟ್ 22ರಂದು ಇಂಗ್ಲೆಂಡಿನ ಶೋರ್‌ಹ್ಯಾಮ್‌ನಲ್ಲಿ ಹಳೆಯ ಹಂಟರ್ ಜೆಟ್, ಮೇಲಕ್ಕೇರಿ ಮಗುಚಿ ಕೆಳಗಿಳಿಯುವ ಲೂಪ್ ಹಾಕಿತು. ತುದಿಯಲ್ಲಿ ಇರಬೇಕಿದ್ದ ಎತ್ತರ 3,500 ಅಡಿ, ಇದ್ದದ್ದು 2,700. ಪಕ್ಕದ ಹೆದ್ದಾರಿಯ ಮೇಲೆ ಬಿದ್ದು ಸತ್ತ 11 ಮಂದಿ ಏರ್‌ಶೋ ಟಿಕೆಟ್ ಪಡೆದು ಒಳಗೆ ಕೂತ ನೋಡುಗರಲ್ಲ. ಹೊರಗೆ, ಆ ದಾರಿಯಲ್ಲಿ ಇದ್ದವರು.

ನೆಲದಲ್ಲಿರುವವರು ಮಾಡಬಹುದಾದದ್ದು ಸ್ವಲ್ಪ ಇದೆ. ಎತ್ತರ ಅಂದಾಜು ಮಾಡಲು ಕೈ ಸಾಕು. ಸೆಸ್ನಾ 172ರ ರೆಕ್ಕೆಯ ತುದಿಯಿಂದ ತುದಿಗೆ 11 ಮೀಟರ್. ವಿಮಾನ ನೆತ್ತಿಯ ಮೇಲೆ ಬಂದಾಗ ತೋಳನ್ನು ಪೂರ್ತಿ ಚಾಚಿ ನೋಡಿ. ರೆಕ್ಕೆಗಳು ಒಂದು ಹೆಬ್ಬೆರಳಿನಷ್ಟು ಅಗಲ ಕಂಡರೆ ಹೆಚ್ಚುಕಡಿಮೆ 1,000 ಅಡಿ. ಮೂರು ಬೆರಳನ್ನು ಮೀರಿದರೆ 500ಕ್ಕಿಂತ ಕೆಳಗೆ. ವಿಡಿಯೋ ಮಾಡುವುದಾದರೆ ಝೂಮ್ ಮಾಡಬೇಡಿ. ನೀರಿನ ಟ್ಯಾಂಕ್, ತೆಂಗಿನಮರ, ಟವರ್ ಯಾವುದಾದರೂ ಚೌಕಟ್ಟಿನಲ್ಲಿ ಉಳಿಯಲಿ. ಅದರಿಂದಲೇ ಮುಂದೆ ಎತ್ತರ ಲೆಕ್ಕ ಹಾಕುವುದು. ನಿಂತ ಜಾಗ, ಗಂಟೆ ನಿಮಿಷ, ವಿಮಾನ ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಹೋಯಿತು, ಎಷ್ಟು ಸಲ ಸುತ್ತಿತು ಎಂಬುದನ್ನು ಕೂಡಲೇ ಬರೆದಿಡಿ. ಭಾರತದ ವಿಮಾನವಾದರೆ ‘ವಿಟಿ’ ಜೊತೆ ಇನ್ನು ಮೂರು ಅಕ್ಷರ ರೆಕ್ಕೆಯ ಅಡಿಯಲ್ಲೂ ಪಕ್ಕದಲ್ಲೂ ಇರುತ್ತವೆ. ಎರಡು ಅಕ್ಷರ ಸಿಕ್ಕಿದರೂ ಬಣ್ಣದ ಜೊತೆ ಸೇರಿಸಿ ಹುಡುಕಬಹುದು. ದೂರು ಡಿಜಿಸಿಎಗೆ ಹೋಗಲಿ, ಅದರ ಒಂದು ಪ್ರತಿ ಹತ್ತಿರದ ಏರೋಡ್ರೋಮಿಗೂ ಇರಲಿ. ಬೇಕೆಂದೇ ಜನಕ್ಕೆ ಅಪಾಯವಾಗುವಂತೆ ವಿಮಾನ ಹಾರಿಸುವುದು 1934ರ ವಿಮಾನ ಕಾಯ್ದೆಯ ಕಾಲದಿಂದಲೂ ಜೈಲಿಗೆ ಕಳಿಸಬಹುದಾದ ಅಪರಾಧ.

ಪೈಲಟ್ ನಮ್ಮವನೇ ಆಗಿದ್ದಾಗ ಕಷ್ಟ ಹೆಚ್ಚು. ಹುಡುಗನಿಗೆ ಹೊಸದಾಗಿ ಲೈಸೆನ್ಸ್ ಬಂದಿರುತ್ತದೆ, ‘ನಮ್ಮ ಮನೆ ಮೇಲೆ ಒಂದು ಸಲ ಬಂದು ಹೋಗೋ’ ಎಂದು ಮಾವನೋ ಅತ್ತೆಯೋ ಅಕ್ಕರೆಯಿಂದ ಕರೆಯುತ್ತಾರೆ. ಆ ಮಾತು ಅವನ ಮೇಲೆ ಎಂಥ ಒತ್ತಡ ತರುತ್ತದೆಂದು ಅವರಿಗೆ ತಿಳಿದಿರುವುದಿಲ್ಲ. ಮನೆಯವರನ್ನೇ ಏರೋಡ್ರೋಮಿಗೆ ಕರೆದೊಯ್ಯುವುದು ಇದಕ್ಕಿಂತ ಎಷ್ಟೋ ಮೇಲು. ಅನುಮತಿ ಕೇಳಿ, ಬೇಲಿಯ ಈಚೆ ರನ್‌ವೇಯ ಮಧ್ಯಭಾಗ ಕಾಣುವಲ್ಲಿ ನಿಲ್ಲಿಸಿ. ಇನ್‌ಸ್ಟ್ರಕ್ಟರ್ ಜೊತೆ ಅವನು ಏರೋಡ್ರೋಮಿನ ಸುತ್ತ ಮೂರು ಸರ್ಕ್ಯೂಟ್ ಹಾರಲಿ. ಟೇಕಾಫ್‌ನಲ್ಲಿ ಮೂತಿ ಏಳುವುದು, ಇಳಿಯುವಾಗ ಚಕ್ರ ನೆಲ ಮುಟ್ಟುವುದು, ಎರಡೂ ಅಲ್ಲಿ ಮನೆ ತಾರಸಿಗಿಂತ ಚೆನ್ನಾಗಿ ಕಾಣುತ್ತವೆ, ಫೋಟೋವೂ ಸರಿಯಾಗಿ ಬರುತ್ತದೆ. ಅತ್ತೆ ಮಾವಂದಿರಿಗೆ ಬೆಳಗಿನ ಏಳರಿಂದ ಒಂಬತ್ತರೊಳಗಿನ ಹೊತ್ತು ಹೇಳಿ. ಆಗ ಗಾಳಿ ಶಾಂತವಾಗಿರುತ್ತದೆ, ಬಿಸಿಲೂ ಕಡಿಮೆ.